ಗಂಗಾಳಕ್ಕೆ ಕೊಟ್ಟ ಕನ್ನಡಿ

“ದೇವರಿಗೆ ಕನ್ನಡಿ ಯಾಕೆ ಬೇಕು?”

ತಾಮು ಇದನ್ನು ಯಾರನ್ನೂ ಕೇಳಿದ್ದಲ್ಲ. ಅವಳ ಮನೆಗೂ ನನ್ನ ಮನೆಗೂ ಸೇರಿದ ಅಂಗಳದ ಬಾವಿಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ತನ್ನ ಕಂಚಿನ ಕನ್ನಡಿಯನ್ನಿಟ್ಟುಕೊಂಡು, ನಿಂಬೆಹೋಳನ್ನು ಬೂದಿಗೆ ಅದ್ದಿ ಉಜ್ಜುತ್ತಿದ್ದಳು. ಮಾತು ಬಂದದ್ದು ಬಾಯಿಂದಲೋ ಉಜ್ಜುವ ಕೈಯಿಂದಲೋ ಎನ್ನುವ ಹಾಗಿತ್ತು. ನಾನು ನನ್ನ ಹೊಸ್ತಿಲಲ್ಲಿ ಹಸಿಕಾಳು ಬಿಡಿಸುತ್ತಿದ್ದೆ. ಮಾತಾಡುವುದಕ್ಕಿಂತ ಕೇಳುವುದೇ ನನಗೆ ರೂಢಿ. ನನ್ನಪ್ಪ ಚಳಿಗಾಲದ ಸಬ್ಬತ್ತುಗಳಲ್ಲಿ, ವಾರದ ಆ ಬಿಡುವಿನ ದಿನಗಳಲ್ಲಿ, ನಸುಕಿಗೆ ಮುಂಚೆ ಸ್ತುತಿಪದ ಹಾಡುವವರ ಗುಂಪಿನಲ್ಲಿದ್ದ. ಗೋಡೆಯ ಈಚೆ ಕಂಬಳಿ ಹೊದ್ದು ಕೇಳಿ ಕೇಳಿಯೇ ನನಗೆ ಪದ್ಯ ಬಂದದ್ದು.

ನಮ್ಮ ಹಿರಿಯರು ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಪೆಸಾಹ್ ಹಬ್ಬ ಹತ್ತಿರವಾಗಿತ್ತು. ಫೆಸ್ ಪಟ್ಟಣದ ಮೆಲ್ಲಾದಲ್ಲಿ, ಅಂದರೆ ನಮ್ಮ ಯೆಹೂದಿ ಕೇರಿಯಲ್ಲಿ, ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಮನೆಯ ತಾಮ್ರವೆಲ್ಲ ಅಂಗಳಕ್ಕೆ ಇಳಿಯುತ್ತದೆ. ಗೋಡೆಗೆ ಸುಣ್ಣ, ಪಾತ್ರೆಗೆ ಬೂದಿ, ಹೆಂಗಸರ ಮೊಣಕೈಗೆ ನೋವು. ಆದರೆ ತಾಮು ಆವತ್ತು ಉಜ್ಜುತ್ತಿದ್ದುದು ಹಬ್ಬಕ್ಕಾಗಿ ಅಲ್ಲ.

ಆ ಕನ್ನಡಿ ಗಾಜಿನದಲ್ಲ, ಎರಕ ಹೊಯ್ದ ಕಂಚು. ಎರಡು ಅಂಗೈ ಅಗಲ, ಹಿಂಬದಿಗೆ ದಾಳಿಂಬೆಯ ಕೊಂಬೆ, ಹಿಡಿ ಸವೆದು ಬೆರಳಿನ ಆಕಾರಕ್ಕೆ ಬಂದಿದೆ. ನಮ್ಮ ಹಿರಿಯರನ್ನು ಸಮುದ್ರದಾಚೆಯ ಅಂದಲೂಸಿನಿಂದ ಓಡಿಸಿದಾಗ ತಾಮುವಿನ ವಂಶದ ಒಬ್ಬ ಅಜ್ಜಿ ಮಗುವನ್ನು ಬೆನ್ನಿಗೂ ಇದನ್ನು ಎದೆಗೂ ಕಟ್ಟಿಕೊಂಡು ಸಮುದ್ರ ದಾಟಿದಳಂತೆ. ಕೇರಿಯಲ್ಲಿ ಒಂದು ಮಾತಿದೆ: ಎಲ್ಲರ ಅಜ್ಜಿಯರೂ ಬಿಟ್ಟುಬಂದ ಮನೆಯ ಬೀಗದಕೈ ತಂದರು, ತಾಮುವಿನ ಅಜ್ಜಿ ಮುಖ ತಂದಳು.

ಮದುಮಗಳನ್ನು ಸಿಂಗರಿಸುವುದು ತಾಮುವಿನ ಮನೆತನದ ಕಸುಬು. ಅವಳ ತಾಯಿ, ಅಜ್ಜಿ, ಎಲ್ಲರೂ ಅದನ್ನೇ ಮಾಡಿದವರು. ಮದರಂಗಿಯ ಸಂಜೆ ಹುಡುಗಿಗೆ ಕಾಡಿಗೆ ತೀಡಿ, ಮುತ್ತಿನ ತಲೆಪಟ್ಟಿ ಕಟ್ಟಿದ ಮೇಲೆ, ಮದುಮಗನನ್ನು ಕರೆತಂದು ಪಕ್ಕಕ್ಕೆ ಕೂರಿಸುತ್ತಾರೆ. ತಾಮು ಎದುರು ನಿಂತು ಎರಡು ಮುಖವೂ ಒಟ್ಟಿಗೆ ಬೀಳುವ ಹಾಗೆ ಕನ್ನಡಿ ಹಿಡಿಯುತ್ತಾಳೆ. ಯಾರೂ ಉಸಿರೆತ್ತುವಂತಿಲ್ಲ. ಮೊದಲು ನಕ್ಕವರ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ ಅಂತ ನಮ್ಮಲ್ಲಿ ಹೇಳಿಕೆ. ಸ್ಲಾದ, ಎಂದರೆ ನಮ್ಮ ಪ್ರಾರ್ಥನೆಯ ಮನೆಯ, ಮೊಕ್ತೇಸರ ಮಖ್ಲೂಫ್ ತನ್ನ ಮದರಂಗಿಯ ದಿನ ಮೊದಲು ನಕ್ಕುಬಿಟ್ಟಿದ್ದ. ಅವನ ಹೆಂಡತಿ ಯಾಕೋತ್ ಅದನ್ನು ಈವತ್ತಿಗೂ ಮರೆಯಲು ಬಿಟ್ಟಿಲ್ಲ.

ಕನ್ನಡಿಯ ವಿಷಯ ಶುರುವಾದದ್ದು ಆ ಮಖ್ಲೂಫನ ಕಾಲುಚೀಲದಿಂದ.

ಮಖ್ಲೂಫ್ ಕೋಹೆನ್; ಮೊದಲ ಯಾಜಕ ಆರೋನನ ವಂಶದವನು. ಕೋಹೆನರು ಎದ್ದು ನಿಂತು ಜನರನ್ನು ಆಶೀರ್ವದಿಸುವ ಮುನ್ನ ಪಾದರಕ್ಷೆ ಬಿಟ್ಟು ಬರಬೇಕು, ದೇವಾಲಯದ ಸೇವಕರ ವಂಶದ ಲೇವಿಯರು ಅವರ ಕೈಗೆ ನೀರೆರೆಯಬೇಕು. ಆ ನೀರು ಬೀಳುವ ತಾಮ್ರದ ಗಂಗಾಳ ನಮ್ಮ ಸ್ಲಾದಲ್ಲಿ ತಲೆಮಾರುಗಳಿಂದ ಇತ್ತು. ಹಿಂದಿನ ಸಬ್ಬತ್ತಿನ ದಿನ ಅದು ತಳದಲ್ಲಿ ಬಿರಿದು ನೀರೆಲ್ಲ ಮಖ್ಲೂಫನ ಕಾಲುಚೀಲಕ್ಕೆ ಇಳಿಯಿತು. ಮಖ್ಲೂಫ್ ಗಂಭೀರವಾಗಿ ಮುಂದೆ ನಡೆದಂತೆ ಹಿಂದೆ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಜಾಲಂದ್ರದ ಹಿಂದೆ ಕೂತ ನಾವು ಹೆಂಗಸರು ಮುಸುಕು ಬಾಯಿಗೆ ಒತ್ತಿಕೊಂಡೆವು.

ಪ್ರಾರ್ಥನೆ ಮುಗಿದದ್ದೇ ಮಖ್ಲೂಫ್ ಎಲ್ಲರ ಮುಂದೆ ನಿಂತ. “ಹೊಸ ಗಂಗಾಳ ನಾನೊಬ್ಬನೇ ಮಾಡಿಸಿಕೊಡ್ತೀನಿ. ಅಂಚಿನ ಸುತ್ತ ನಮ್ಮಪ್ಪನ ಹೆಸರು ಕೊರೆಸ್ತೀನಿ. ಹರಕೆಯಲ್ಲ.”

ಕೊನೆಯ ಮಾತಿಗೆ ಯಾರೂ ಬೆರಗಾಗಲಿಲ್ಲ. ನಮ್ಮಲ್ಲಿ ಬಾಯಿಂದ ಬಿದ್ದ ಮಾತು ಹರಕೆಯಾಗಿ ಕಟ್ಟಿಹಾಕುತ್ತದೆ. ಅದಕ್ಕೇ ನಾಳೆ ಬರ್ತೀನಿ ಅನ್ನುವವರೂ, ನಿಮ್ಮನೆಗೆ ಒಂದು ಬಟ್ಟಲು ಸಾರು ಕಳಿಸ್ತೀನಿ ಅನ್ನುವವರೂ ಕೊನೆಗೆ ‘ಹರಕೆಯಲ್ಲ’ ಅಂತ ಸೇರಿಸಿಯೇ ಬಾಯಿ ಮುಚ್ಚುತ್ತಾರೆ. ಮಕ್ಕಳು ಅಮ್ಮ ಅನ್ನುವುದರ ಜೊತೆಗೇ ಅದನ್ನು ಕಲಿಯುತ್ತವೆ.

ನಮ್ಮ ಧರ್ಮಗುರು ರಿಬ್ಬಿ ಝಿಕ್ರಿ ಗಡ್ಡ ನೀವಿಕೊಂಡರು. “ಸೀದಿ ಮಖ್ಲೂಫ್,” ಎಂದರು, ದೊಡ್ಡ ಮನುಷ್ಯರನ್ನು ಕರೆಯುವಂತೆ, “ಈವತ್ತು ಗ್ರಂಥದಲ್ಲಿ ಓದಿದ್ದು ಯಾವ ಭಾಗ?”

“ಮರಳುಗಾಡಲ್ಲಿ ಮೋಶೆ ದೇವರಿಗೆ ಗುಡಾರ ಕಟ್ಟಿಸಿದ್ದು.”

“ಒಬ್ಬನೇ ಕಟ್ಟಿಸಿದನಾ?”

ಗಂಡಸರ ಕಡೆ ನಗು ಎದ್ದಿತು. ರಿಬ್ಬಿ ನಗಲಿಲ್ಲ. ಅವರ ದನಿ ಸಣ್ಣದು. ಅದಕ್ಕೇ ಕೇರಿ ಪೂರ್ತಿ ಕಿವಿಯಾಗುತ್ತದೆ.

“ಆಕಾಶಾನ ಪರದೆ ಹಾಗೆ ಹರಡಿದವನಿಗೆ ಆಡಿನ ಕೂದಲ ಗುಡಾರ ಏನಾಗಬೇಕಿತ್ತು, ಹೇಳಿ? ಏನೂ ಆಗಬೇಕಿರಲಿಲ್ಲ. ‘ಅವರು ನನಗೆ ಪವಿತ್ರವಾದ ಮನೆ ಕಟ್ಟಲಿ, ನಾನು ಅವರ ನಡುವೆ ವಾಸವಾಗಿರುವೆ’ ಅಂದ. ಮನೇಲಿ ಇರ್ತೀನಿ ಅನ್ನಲಿಲ್ಲ. ಕಟ್ಟಿದವರ ಒಳಗಿರ್ತೀನಿ ಅಂದ. ತಂದುಕೊಡೋ ಪ್ರತಿ ಕೈಯಲ್ಲೂ ಅವನಿಗೊಂದು ಗುಡಾರ. ಕೈ ಕಮ್ಮಿಯಾದರೆ ಗುಡಾರ ಕಮ್ಮಿ.”

ಆಮೇಲೆ ಅವರು ಆ ಗುಡಾರದ ಕಾಲದ ಹೆಂಗಸರ ಕಥೆ ಹೇಳಿದರು. ಆಡಿನ ಮೈಮೇಲಿದ್ದಾಗಲೇ ಕೂದಲನ್ನು ನೂತವರು. ಜೀವದ ಬಿಸಿ ಆರುವ ಮುಂಚೆಯೇ ಅದು ದಾರವಾಗಲಿ ಅಂತ. ಅದೇ ಹೆಂಗಸರು ಗುಡಾರದ ಬಾಗಿಲಿಗೆ ತಮ್ಮ ಕನ್ನಡಿಗಳನ್ನು ಹೊತ್ತು ತಂದರು. ಜನರ ಮುಂದಾಳು ಮೋಶೆಗೆ ಸಿಟ್ಟು ಬಂತು. ಮುಖ ತಿದ್ದಿಕೊಳ್ಳುವ ಚಾಳಿಯ ಸಾಮಾನು ಇಲ್ಲೇಕೆ ಎಂದ. ದೇವರು ಹೇಳಿದ: ತಗೋ. ನನಗೆ ಬಂದದ್ದರಲ್ಲೆಲ್ಲ ಇದೇ ಹೆಚ್ಚು ಪ್ರಿಯ. ಐಗುಪ್ತದಲ್ಲಿ ಗುಲಾಮರಾಗಿ ಇಟ್ಟಿಗೆ ಹೊತ್ತು ಹೊತ್ತು ಬದುಕೇ ಬೇಡವಾಗಿ ಬಿದ್ದಿದ್ದ ಗಂಡಂದಿರ ಹತ್ತಿರ ಈ ಹೆಂಗಸರು ಬಿಸಿ ಊಟ ಹೊತ್ತು ಹೋದರು, ಉಣ್ಣಿಸಿದರು. ಆಮೇಲೆ ಒಂದೇ ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುವಂತೆ ಹಿಡಿದು, ‘ನೋಡು, ನಿನಗಿಂತ ನಾನೇ ಚೆಲುವೆ’ ಅಂತ ಕೆಣಕಿದರು. ಗಂಡಂದಿರು ನಕ್ಕರು. ಆ ನಗುವಿನಿಂದ ಒಂದು ಜನಾಂಗ ಉಳಿಯಿತು. ಕೋಹೆನರು ಕೈಕಾಲು ತೊಳೆಯುವ ಗಂಗಾಳವಾದದ್ದು ಆ ಕನ್ನಡಿಗಳೇ.

ಜಾಲಂದ್ರದ ಹಿಂದೆ ತಾಮು ನನ್ನ ಮುಂಗೈ ಹಿಡಿದಿದ್ದಳು. ಬಿಟ್ಟಾಗ ಬೆರಳಿನ ಗುರುತು ಉಳಿದಿತ್ತು.

“ಗಂಗಾಳಕ್ಕೆ ಎಲ್ಲರೂ ತರಲಿ,” ಎಂದರು ರಿಬ್ಬಿ. “ಯಾರ ಮನಸ್ಸು ಎಷ್ಟು ಕೊಡು ಅನ್ನುತ್ತೋ ಅಷ್ಟು.”

ಅದರ ಮಾರನೆಯ ಬೆಳಿಗ್ಗೆಯೇ ತಾಮು ಬಾವಿಕಟ್ಟೆಯ ಮೇಲೆ ಕುಳಿತು ಯಾರನ್ನೂ ಕೇಳದೆ ಕೇಳಿದ್ದು. ಉಜ್ಜಿ ಮುಗಿಸಿ ಕನ್ನಡಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು. “ಫ್ರೇಹಾ, ಏಳು. ಸ್ಲಾಕ್ಕೆ ಹೋಗಿಬರಾಣ.”

“ಅದು ನಿನ್ನ ಅನ್ನ ಕಣೇ,” ಎಂದೆ. ನಾನು ಆಡಿದ್ದು ಅದೊಂದೇ ಮಾತು.

“ಅನ್ನ ಅಂತಲೇ ಒಯ್ತಿರೋದು. ಹಳಸಿದ್ದು ಕೊಡೋಕೆ ಅವನೇನು ಭಿಕ್ಷುಕನಾ?”

ಸ್ಲಾದ ಅಂಗಳದಲ್ಲಿ ಆಗಲೇ ಸಂತೆಯಷ್ಟು ಗದ್ದಲ. ಕಂಚುಗಾರ ಅಮ್ರಾನ್ ಗೋಣಿಚೀಲ ಹರಡಿಕೊಂಡು ಕೂತಿದ್ದ. ಪಕ್ಕದಲ್ಲಿ ಮಖ್ಲೂಫ್ ನಿಂತು ಒಂದೊಂದನ್ನೂ ಕೈಯಲ್ಲಿ ತೆಗೆದುಕೊಂಡು ಚೀಲಕ್ಕೆ ಹಾಕುತ್ತಿದ್ದ. ಒಬ್ಬನೇ ಕೊಡುವುದು ತಪ್ಪಿಹೋದ ಬೇಸರ ಮುಖದಲ್ಲಿತ್ತು, ಆದರೆ ಕೆಲಸ ಕಟ್ಟುನಿಟ್ಟು. ಪನ್ನೀರದಾನಿಗಳು, ಹಿತ್ತಾಳೆಯ ದೀಪ, ಬಾಗಿಲ ಗುಬುಟು, ಗಂಧದ ಡಬ್ಬಿ. ಹಣ್ಣುಮುದುಕಿ ಬೀಬಾ ತಂದ ಬಾಣಲೆಯನ್ನು ಮಖ್ಲೂಫ್ ಬೆಳಕಿಗೆ ಹಿಡಿದ.

“ಬೀಬಾ, ಇದರಲ್ಲಿ ತೂತಿದೆ.”

“ಇರಲಿ ಬಿಡಪ್ಪ. ಕರಗಿಸೋದು ತಾನೆ? ತೂತೂ ಕರಗುತ್ತೆ.”

“ದೇವರಿಗೆ ಕಾಣಿಕೆ ಅಂತ ಆ ಕಾಯಿನನೂ ಮನೇಲಿ ಉಳಿದದ್ದನ್ನೇ ತಂದಿದ್ದು. ದೇವರು ಒಪ್ಪಲಿಲ್ಲ.”

“ಕಾಯಿನನಿಗೆ ಸೊಸೆ ಇದ್ದಿದ್ರೆ ಅಷ್ಟೂ ತರೋಕೆ ಬಿಡ್ತಿರಲಿಲ್ಲ,” ಅಂದಳು ಬೀಬಾ. ಅಮ್ರಾನ್ ಬಿದ್ದು ಬಿದ್ದು ನಕ್ಕ. ಬೀಬಾ ಗೊಣಗುತ್ತ ಕಿವಿಯ ಹಿಂದಿನಿಂದ ತಾಮ್ರದ ಕೂದಲಕಡ್ಡಿ ಕಿತ್ತು ಬಾಣಲೆಯ ಮೇಲಿಟ್ಟಳು. ಅದು ಅವಳ ಮದುವೆಯದು. ಆಗ ಯಾರೂ ನಗಲಿಲ್ಲ.

ತಾಮುವಿನ ಸರದಿ ಬಂತು. ಬಟ್ಟೆ ಬಿಚ್ಚಿದಳು. ಬಿಸಿಲು ಕನ್ನಡಿಗೆ ಬಿದ್ದು ಗೋಡೆಯ ಹೊಸ ಸುಣ್ಣದ ಮೇಲೆ ಒಂದು ಹೊಂಬಣ್ಣದ ಚಂದ್ರ ಮೂಡಿ ನಡುಗಿತು. ಚಾಚಿದ್ದ ಮಖ್ಲೂಫನ ಕೈ ಹಿಂದಕ್ಕೆ ಹೋಯಿತು.

“ಇದೇನು ತಾಮು?”

“ಕಾಣಿಸೋದಿಲ್ವಾ ಸೀದಿ? ನೀವು ನೋಡಿ ನಕ್ಕಿದ್ದೇ.”

ಹೆಂಗಸರು ಕಿಸಕ್ಕೆಂದರು. ಮಖ್ಲೂಫನ ಕಿವಿ ಕೆಂಪಾಯಿತು. “ಒಳಗಿಡು. ಕಾಡಿಗೆ ತೀಡೋ ಸಾಮಾನು, ತುಟಿಗೆ ಬಣ್ಣ ಬಳಿಯೋ ಸಾಮಾನು. ಇಸ್ರಾಯೇಲನ್ನ ಆಶೀರ್ವದಿಸೋ ಕೈ ಇದು. ಹೆಂಗಸರ ಸೋಗಿನಲ್ಲಿ ತೊಳಕೊಳ್ಳಲಾ?”

“ನಿನ್ನೆ ರಿಬ್ಬಿ ಹೇಳಿದಾಗ ನೀವು ಕಾಲುಚೀಲ ಹಿಂಡ್ತಾ ಇದ್ರಾ?”

“ಕೇಳಿದೀನಿ. ಅದು ಮೋಶೆಯ ಕಾಲದ ಮಾತು. ಆ ಹೆಂಗಸರೇ ಬೇರೆ.”

ಮಖ್ಲೂಫ್ ಕೆಟ್ಟವನಲ್ಲ. ಬಡವರ ಮನೆಯ ಮದುವೆಗೆ ಹಿಟ್ಟಿನ ಮೂಟೆ ಹೊರಲು ಮೊದಲು ಓಡುವವನು ಅವನೇ. ಆದರೆ ಆ ಮಾತು ಅಂಗಳದಲ್ಲಿದ್ದ ಪ್ರತಿ ಹೆಂಗಸಿನ ಎದೆಗೂ ತಾಗಿತು. ತಾಮು ಕನ್ನಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ಬೇರೆನಾ? ಬೀಬಾ, ನೀನು ಇದರಲ್ಲಿ ನೋಡ್ಕೊಂಡೆ. ನಿನ್ನ ಮಕ್ಕಳೆಲ್ಲ ಇದರಲ್ಲಿ ನೋಡ್ಕೊಂಡ್ರು. ಅಮ್ರಾನ್, ನಿಮ್ಮಮ್ಮನಿಗೆ ನಮ್ಮಮ್ಮ ಹಿಡಿದಳು. ಬರಗಾಲದ ವರ್ಷ ಜನ ಹುಲ್ಲು ಬೇಯಿಸಿ ತಿಂದ್ರಲ್ಲ, ಆ ವರ್ಷವೂ ಈ ಕೇರಿಯಲ್ಲಿ ಮದುವೆ ನಿಲ್ಲಲಿಲ್ಲ, ಕನ್ನಡಿ ಕೆಳಗೆ ಇಳೀಲಿಲ್ಲ. ಆ ಹೆಂಗಸರು ಐಗುಪ್ತದಲ್ಲಿ ಜನಾಂಗ ಹೆತ್ರು. ನಾವು ಮೆಲ್ಲಾ ಹೆತ್ವಿ. ಈ ಅಂಗಳದಲ್ಲಿ ನಿಂತಿರೋ ಒಬ್ಬೊಬ್ಬರೂ ಇದರೊಳಗಿಂದಲೇ ಇಳಿದು ಬಂದೋರು ಸೀದಿ, ನೀವೂ ಸೇರಿ. ಕೇಳಿಸ್ಕೊಳ್ಳಿ. ಈ ಕನ್ನಡಿ ಇನ್ನು ನನ್ನದಲ್ಲ. ಇದು ಪವಿತ್ರ. ದೇವರಿಗೆ ಸೇರಿದ್ದು.”

ಮಕ್ಕಳಿಲ್ಲದ ತಾಮು ‘ನಾವು ಹೆತ್ವಿ’ ಅಂದಾಗ ಯಾರಿಗೂ ಅದು ತಪ್ಪು ಅನಿಸಲಿಲ್ಲ. ನಾವು ಕಾಯುತ್ತಿದ್ದುದು ಬೇರೆಯದಕ್ಕೆ. ‘ಹರಕೆಯಲ್ಲ’ ಎಂಬ ಆ ಬಾಲಕ್ಕೆ. ಅದು ಬರಲಿಲ್ಲ. ತಾಮು ಬಾಯಿ ಮುಚ್ಚಿದಳು. ಪಕ್ಕದ ಓಣಿಯಲ್ಲಿ ಯಾರೋ ಬಾವಿಯ ಹಗ್ಗ ಎಳೆಯುವುದು ಕೇಳಿಸಿತು.

“ಹೇಳೇ,” ಬೀಬಾ ಪಿಸುಗುಟ್ಟಿದಳು. “ಬೇಗ ಹೇಳೇ ಮಾರಾಯ್ತಿ, ಗಾಳಿ ಒಯ್ಯೋಕೆ ಮುಂಚೆ.”

ತಾಮು ಹೇಳಲಿಲ್ಲ. ಸಿಟ್ಟಿನಲ್ಲಿ ಮರೆತಳೋ, ಬೇಕೆಂದೇ ಬಿಟ್ಟಳೋ, ಆಗ ನನಗೂ ತಿಳಿಯಲಿಲ್ಲ.

ರಿಬ್ಬಿ ಝಿಕ್ರಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಎಲ್ಲ ಕೇಳಿಸಿಕೊಂಡಿದ್ದರು. “ಮಾತು ಆಗಿಹೋಯಿತು,” ಎಂದರು. “ಮನೆಯಲ್ಲಿ ಬಳಸಿದ ವಸ್ತುವನ್ನ ಇದ್ದ ಹಾಗೇ ಪವಿತ್ರ ಕೆಲಸಕ್ಕೆ ತರಬಾರದು. ಕರಗಿ ಹೊಸ ಮುಖ ಪಡೆದರೆ ತರಬಹುದು. ಆ ಕನ್ನಡಿಗಳೂ ಕರಗಿಯೇ ಗಂಗಾಳವಾದವು. ಇದೂ ಕರಗಬೇಕು. ಅಲ್ಲಿವರೆಗೆ ತಾಮು, ಇದರಲ್ಲಿ ನೀನೂ ಮುಖ ನೋಡೋ ಹಾಗಿಲ್ಲ. ದೇವರ ಸ್ವತ್ತು.”

“ನೋಡೋದಿಲ್ಲ ರಿಬ್ಬಿ.”

“ನಾನು ಮುಟ್ಟೋದಿಲ್ಲ,” ಎಂದ ಮಖ್ಲೂಫ್.

ರಿಬ್ಬಿ ಅವನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. “ಮೋಶೆಗೂ ಹಾಗೇ ಅನಿಸಿತ್ತಪ್ಪ. ನೀನು ದೊಡ್ಡವರ ಸಾಲಲ್ಲೇ ಇದ್ದೀಯ. ಕೊಡುವವರ ಮನಸ್ಸು ತಾನಾಗಿ ಕೊಡು ಅನ್ನಬೇಕು ಅಂತ ಬರೆದಿದೆ. ತೆಗೆದುಕೊಳ್ಳೋ ಕೈಯನ್ನ ನಾನು ಎಳೆದು ಚಾಚಿಸೋಕಾಗುತ್ತಾ? ಅಮ್ರಾನ್ ಮೂಸೆಗೆ ಬೆಂಕಿ ಹಾಕೋವರೆಗೂ ಯೋಚನೆ ಮಾಡು.”

ಹೀಗೆ ಕನ್ನಡಿ ಮತ್ತೆ ನಮ್ಮ ಅಂಗಳಕ್ಕೇ ಬಂತು. ಬಿಳಿ ಬಟ್ಟೆಯ ಗಂಟಾಗಿ ತಾಮುವಿನ ಗೋಡೆಗೂಡಿನಲ್ಲಿ ಸಬ್ಬತ್ತಿನ ದೀಪದ ಪಕ್ಕದಲ್ಲಿ ಕೂತಿತು. ತಾಮು ಅದರ ಎದುರು ಹಾದುಹೋಗುವಾಗ ಬಾಗಿಲಿಗೆ ಜಡಿದ ಮೆಝೂಝಾಕ್ಕೆ, ಧರ್ಮವಾಕ್ಯದ ಸುರುಳಿಗೆ, ಮಾಡುವಂತೆ ಬೆರಳು ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಸುದ್ದಿ ಹಬ್ಬಿತು. ಹಬ್ಬಕ್ಕೆ ಮುಂಚೆ ಮದುವೆಯಿದ್ದ ಒಂದು ಮನೆಯವರು ತಾಮುವನ್ನು ಬಿಟ್ಟು, ಸಮುದ್ರದಾಚೆಯ ಮಾರ್ಸೇಯಿನಿಂದ ತರಿಸಿದ ಗಾಜಿನ ದೊಡ್ಡ ಕನ್ನಡಿ ಇಟ್ಟಿರುವ, ಅದೇ ಕಸುಬಿನ ಜಾರಾಳನ್ನು ಕರೆದರು. ಆ ಸಂಜೆ ಡೋಲಿನ ಸದ್ದು ಮಾಳಿಗೆಗಳ ಮೇಲಿಂದ ನಮ್ಮ ಅಂಗಳಕ್ಕೂ ಇಳಿಯಿತು. ತಾಮು ಒಲೆ ಹೊತ್ತಿಸಿರಲಿಲ್ಲ. ಬೆಳಿಗ್ಗೆ ಹೇಳಿದ್ದಂತೆ ನಾನು ಒಂದು ಬಟ್ಟಲು ಕಾಳಿನ ಸಾರು ಒಯ್ದೆ.

“ಕಳಿಸ್ತೀನಿ, ಹರಕೆಯಲ್ಲ ಅಂತ ಹೇಳಿದ್ಯಲ್ಲ. ಕಳಿಸ್ದೆ ಇದ್ರೂ ನಡೀತಿತ್ತು,” ಅಂತ ನಗಾಡಿ ಉಂಡಳು.

ಮಖ್ಲೂಫನ ಮಗಳು ಲೂನಾಳ ಮದುವೆ ಕೂಡ ಹಬ್ಬಕ್ಕೆ ಮುಂಚೆಯೇ ಗೊತ್ತಾಗಿತ್ತು. ಮದರಂಗಿಯ ದಿನ ಹತ್ತಿರ ಬಂದಾಗ ಯಾಕೋತ್ ಮಗಳನ್ನು ಕರೆದುಕೊಂಡು ಬಂದಳು. ಪುದೀನ ಚಹಾ ಎದುರಿಗೆ ಆರುತ್ತಿದ್ದರೂ ಮುಟ್ಟಲಿಲ್ಲ.

“ನಿನಗೆ ನಾನು ಬಲಿಯಾಗ್ಲಿ ತಾಮು,” ಎಂದಳು. ನಮ್ಮಲ್ಲಿ ಪ್ರೀತಿಗೆ ಹೇಳುವ ಮಾತೇ ಅದು. “ಇವಳು ಹಟ ಹಿಡಿದು ಕೂತಿದಾಳೆ. ನೀನೇ ಕೇಳು.”

ಲೂನಾ ದಿಟ್ಟ ಹುಡುಗಿ. ಅಪ್ಪನ ಹುಬ್ಬು, ಅಮ್ಮನ ನಾಲಿಗೆ. “ಅಪ್ಪ ಗಾಜಿನದೊಂದು ತಂದಿದಾರೆ ಅತ್ತೆ. ಚಿನ್ನದ ಚೌಕಟ್ಟು. ನೋಡಿದೆ. ನನ್ನ ಮುಖ ಕಾಣುತ್ತೆ, ಅಷ್ಟೇ. ಅಜ್ಜಿ ಕೂತದ್ದು, ಅಮ್ಮ ಕೂತದ್ದು ಅದರ ಮುಂದೆ ಅಲ್ವಲ್ಲ. ನಿಮ್ಮ ಕನ್ನಡಿ ಇಲ್ಲದೆ ನಾನು ಮದರಂಗಿಗೆ ಕೈ ಚಾಚೋದಿಲ್ಲ.”

ತಾಮು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಕಸುಬಿನ ಕೈ, ಸುಮ್ಮನಿರದು. “ನಿನ್ನ ನಾನೇ ಸಿಂಗರಿಸ್ತೀನಿ ಕಂದಾ. ಕೂಲಿ ಬೇಡ. ಕನ್ನಡಿ ಮಾತ್ರ ಕೇಳ್ಬೇಡ. ಅದು ನನ್ನ ಹತ್ರ ಇದೆ, ನನ್ನದಲ್ಲ.”

“ಬೇಡ ಅಂದವನು ನನ್ನ ಗಂಡ,” ಎಂದಳು ಯಾಕೋತ್. “ಅವನೇ ಬಂದು ಕೇಳಲಿ. ಮೊದಲು ನಕ್ಕೋನಲ್ವಾ, ಈಗ ಮೊದಲು ಅಳಲಿ.”

ಮರುದಿನ ಮಧ್ಯಾಹ್ನದ ಪ್ರಾರ್ಥನೆಗೆ ಮುಂಚೆ ಮಖ್ಲೂಫ್ ಬಂದ. ಒಬ್ಬನೇ ಅಲ್ಲ. ರಿಬ್ಬಿ ಝಿಕ್ರಿ, ಅಮ್ರಾನ್, ಮುದಿ ಲೇವಿಯೊಬ್ಬರು ಜೊತೆಗಿದ್ದರು. ಹರಕೆಯ ಕಟ್ಟು ಬಿಡಿಸಲು ಮೂವರು ಕೂರಬೇಕು. ನಾನು ಮಣೆ ಹಾಕಿ ನನ್ನ ಹೊಸ್ತಿಲಿಗೆ ಸರಿದೆ. ತಾಮು ಗಂಟನ್ನು ತಂದು ಬಾವಿಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ನಿಂತಳು.

“ತಾಮು,” ಎಂದರು ರಿಬ್ಬಿ, “ಇದು ಮೊಕ್ತೇಸರನ ಕೈ ಸೇರಿದ್ದಿದ್ರೆ ನಾನೇ ಬಂದರೂ ಏನೂ ಮಾಡೋಕಾಗ್ತಿರಲಿಲ್ಲ. ಅವನು ಮುಟ್ಟಲಿಲ್ಲ. ಹಾಗಾಗಿ ಬಾಗಿಲು ಇನ್ನೂ ತೆರೆದಿದೆ. ಆಡಿದ ಮಾತಿಗೆ ನಿಜವಾಗ್ಲೂ ಪಶ್ಚಾತ್ತಾಪ ಇದ್ದರೆ, ಹೇಳು. ನಾವು ಮೂವರೂ ‘ಬಿಟ್ಟಿದೆ, ಬಿಟ್ಟಿದೆ, ಬಿಟ್ಟಿದೆ’ ಅಂತೀವಿ. ಕನ್ನಡಿ ನಿನ್ನದಾಗುತ್ತೆ. ಕಸುಬು ನಿನ್ನದಾಗುತ್ತೆ. ಯಾರೂ ನಿನ್ನನ್ನ ಕೀಳಾಗಿ ನೋಡೋ ಹಾಗಿಲ್ಲ. ಇದು ಧರ್ಮವೇ ಕೊಟ್ಟಿರೋ ದಾರಿ.”

ತಾಮು ಮಖ್ಲೂಫನ ಕಡೆ ತಿರುಗಿದಳು. “ನಿಮಗೆ ಯಾಕೆ ಬೇಕು ಸೀದಿ ಅದು? ಚಿನ್ನದ ಚೌಕಟ್ಟಿನದು ಮನೇಲಿದೆಯಂತೆ.”

ಮಖ್ಲೂಫ್ ಪೇಟ ಸರಿಮಾಡಿಕೊಂಡ. 

“ನನ್ನ ಮದರಂಗಿಗೆ ಮುಂಚೆ ನಮ್ಮಪ್ಪ ತೀರಿಹೋಗಿದ್ರು,” ಎಂದ. “ಸೂತಕದ ವರ್ಷ ಮುಗಿದಿತ್ತಷ್ಟೆ. ಮನೇಲಿ ಯಾರೂ ದನಿಯೆತ್ತಿ ಮಾತಾಡ್ತಿರಲಿಲ್ಲ. ನಾನಂತೂ ಮದುವೆ ಮುಂದಕ್ಕೆ ಹಾಕಿ ಅಂತ ಅತ್ತಿದ್ದೆ. ಎಳಕೊಂಡು ಬಂದು ಕೂರಿಸಿದ್ರು. ನಿಮ್ಮಮ್ಮ ಕನ್ನಡಿ ಹಿಡಿದ್ರು. ನೋಡಿದ್ರೆ, ನನ್ನ ಪೇಟ ಒಂದು ಕಿವಿ ಮೇಲೆ ಜಾರಿದೆ. ಪಕ್ಕದಲ್ಲಿ ನಮ್ಮ ಯಾಕೋತ್ ನಗು ತಡಕೊಂಡು ತುಟಿ ಕಚ್ಚಿದಾಳೆ. ಕನ್ನಡಿ ಒಳಗಿಂದಲೇ ಹುಬ್ಬು ಹಾರಿಸಿದಳು ನೋಡು, ನಿನಗಿಂತ ನಾನೇ ಚೆಂದ ಅನ್ನೋ ಹಾಗೆ. ನಕ್ಕುಬಿಟ್ಟೆ. ವರ್ಷದ ಮೇಲೆ ಮೊದಲ ನಗು ಅದು. ಕೇರಿಯವರು ಸೋತೆ ಅಂತಾರೆ. ನಾನು ಮನೆ ಕಂಡದ್ದು ಅವತ್ತೇ. ಲೂನಾಳಿಗೂ ಅದು ಸಿಗಲಿ ಅಂತ ಆಸೆ.”

ಮುದಿ ಲೇವಿ ಮೂಗು ಒರೆಸಿಕೊಂಡರು.

“ಹಾಗಾದ್ರೆ ಅದು ಸೋಗಿನ ಸಾಮಾನಲ್ಲ?” ಎಂದರು ರಿಬ್ಬಿ, ಮೆಲ್ಲಗೆ.

“ಅಲ್ಲ.” ಮಖ್ಲೂಫ್ ತಲೆ ಎತ್ತಲಿಲ್ಲ. “ಆವತ್ತು ಆಡಿದ್ದು ತಪ್ಪು. ಸ್ಲಾದ ಅಂಗಳದಲ್ಲಿ ಎಲ್ಲರ ಮುಂದೆ ಆಡಿದ್ದು. ಅಂಗಳದಲ್ಲೇ ಎಲ್ಲರ ಮುಂದೆ ಹೇಳ್ತೀನಿ. ಆ ಹೆಂಗಸರು, ಈ ಹೆಂಗಸರು ಅಂತ ಎರಡಿಲ್ಲ.”

ತಾಮುವಿನ ಮುಖದ ಮೇಲೆ ಆಗ ಮೂಡಿದ್ದನ್ನು ನಾನು ಎಷ್ಟೋ ಮದುಮಗಳ ಮುಖದಲ್ಲಿ ನೋಡಿದ್ದೇನೆ, ಅವಳ ಮುಖದಲ್ಲಿ ಅದೇ ಮೊದಲು. ಯಾರೋ ಎದುರಿಗೆ ಕನ್ನಡಿ ಹಿಡಿದ ಹಾಗಿತ್ತು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸೆರಗಿನ ತುದಿಯಿಂದ ಗಂಟಿನ ಮೇಲಿದ್ದ ಧೂಳು ಕೊಡವಿದಳು.

ರಿಬ್ಬಿ ಕ್ರಮದಂತೆ ಕೇಳಿದರು. “ತಾಮು, ಜನ ಜಾರಾಳ ಹತ್ತಿರ ಹೋಗ್ತಾರೆ, ನಿನ್ನ ಒಲೆ ಆರುತ್ತೆ ಅಂತ ಆ ಹೊತ್ತು ಗೊತ್ತಿದ್ದಿದ್ರೆ, ಆ ಮಾತು ಆಡ್ತಿದ್ದೆಯಾ?”

“ಗೊತ್ತಿತ್ತು ರಿಬ್ಬಿ. ಇವಳೂ ಹೇಳಿದ್ದಳು.” ನನ್ನ ಕಡೆ ಗಲ್ಲ ಚಾಚಿದಳು.

“ಸಿಟ್ಟಲ್ಲಿ ಆಡಿದೆ ಅಲ್ವಾ? ಸಿಟ್ಟು ಇಳಿದ ಮೇಲೆ ಬೇರೆ ಅನಿಸಿಲ್ವಾ?”

“ಸಿಟ್ಟಲ್ಲಿ ಬಾಯಿ ತೆರೆದದ್ದು ನಿಜ. ಆಡಿದ್ದು ಸಿಟ್ಟಲ್ಲ. ‘ಹರಕೆಯಲ್ಲ’ ಅನ್ನೋದು ನಾಲಿಗೆ ತುದೀಲೇ ಇತ್ತು. ಬೀಬಾ ಹೇಳು ಹೇಳು ಅಂತಾನೂ ಅಂದಳು. ನುಂಗಿಕೊಂಡೆ.”

 ರಿಬ್ಬಿಯ ಗಡ್ಡದೊಳಗೆ ಒಂದು ನಗು ಬಂದು ಹೋಯಿತೆಂದು ನನಗೆ ಕಂಡಿತು. ಆದರೆ ಕೇಳಬೇಕಾದದ್ದನ್ನು ಕೇಳಲೇಬೇಕಾದ ಸ್ಥಾನ ಅವರದು.

ಮಖ್ಲೂಫ್ ಮುಂದೆ ಬಂದ. “ತಾಮು, ಒಂದು ಉಪಾಯ ಇದೆ. ಈಗ ಪಶ್ಚಾತ್ತಾಪ ಅಂತ ಹೇಳು. ಇವರು ಬಿಡಿಸ್ತಾರೆ. ಲೂನಾಳ ಮದರಂಗಿ ಆಗಲಿ. ಮಾರನೇ ದಿನವೇ ಮತ್ತೆ ಪವಿತ್ರ ಅಂತ ಹೇಳು, ನಾನೇ ಈ ಎರಡೂ ಕೈಯಲ್ಲಿ ತಗೊಂಡು ಅಮ್ರಾನನ ಮೂಸೆಗೆ ಹಾಕ್ತೀನಿ. ದೇವರಿಗೂ ಸಿಕ್ತು, ಮಗಳಿಗೂ ಸಿಕ್ತು.”

ಅಮ್ರಾನ್ ತಲೆಯಾಡಿಸಿದ. “ಮೂಸೆ ಕಾಯುತ್ತೆ. ನನಗೇನೂ ಅವಸರ ಇಲ್ಲ.”

ಒಂದು ಕ್ಷಣ ನನಗೂ ಅದು ಸರಿಯೆನಿಸಿತು. ಲೂನಾಳ ಹಟ, ತಾಮುವಿನ ಆರಿದ ಒಲೆ, ತಗ್ಗಿದ ಮಖ್ಲೂಫನ ತಲೆ, ಎಲ್ಲಕ್ಕೂ ಒಂದೇ ಮಾತು ಸಾಕಾಗಿತ್ತು. ಬಾಯಿತುದಿಯ ಮಾತು. ಬಾವಿಕಟ್ಟೆಯ ಮೇಲೆ ಬಿಳಿಗಂಟು ಬಿಸಿಲಿಗೆ ಬೆಚ್ಚಗಾಗುತ್ತ ಕೂತಿತ್ತು.

ತಾಮು ತನ್ನ ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟಳು. ಸುಮ್ಮನೆ ಇಟ್ಟದ್ದಲ್ಲ, ಭುಜ ಬಾಗಿಸಿ, ಮೈಭಾರವೆಲ್ಲ ಬಿಟ್ಟು ಊರಿದಳು. ದೇವಾಲಯ ನಿಂತಿದ್ದ ಕಾಲದಲ್ಲಿ ಬಲಿ ತಂದವನು ಪಶುವಿನ ತಲೆಯ ಮೇಲೆ ಹೀಗೆಯೇ ಕೈ ಊರುತ್ತಿದ್ದ, ತನ್ನನ್ನೇ ಅದರೊಳಗೆ ಇಳಿಸುವ ಹಾಗೆ, ಅಂತ ನನ್ನಪ್ಪ ಹಾಡುತ್ತಿದ್ದ ಪದ್ಯದಲ್ಲಿ ಬರುತ್ತದೆ. ಆ ಸಾಲು ನನಗೆ ತಾನಾಗಿ ಕೇಳಿಸಿತು. ರಿಬ್ಬಿಗೂ ಕೇಳಿಸಿರಬೇಕು. ಅವರು ಕೂತಲ್ಲಿಂದ ಎದ್ದು ನಿಂತರು. ಲೇವಿಯೂ ಎದ್ದರು.

“ಎರವಲು ತಂದ ಕುರಿ ಬಲಿಗೆ ಬರುತ್ತಾ ಸೀದಿ?” ಎಂದಳು ತಾಮು. “ಕೊಟ್ಟು, ಇಸ್ಕೊಂಡು, ಮತ್ತೆ ಕೊಟ್ರೆ ಅದು ಕೊಟ್ಟ ಹಾಗಾ? ನೀವು ಈವತ್ತು ಹೇಳಿದ್ರಲ್ಲ, ಆ ಮಾತು ಕೇಳಿದ ಮೇಲಂತೂ ಆಗೋದೇ ಇಲ್ಲ. ಇದು ಏನು ಅಂತ ಗೊತ್ತಿಲ್ಲದೆ ಇದ್ದಾಗಲೇ ಕೊಟ್ಟೆ. ಏನು ಅಂತ ಗೊತ್ತಾದ ಮೇಲೆ ವಾಪಸ್ ತಗೊಳ್ಳಲಾ?”

“ಲೂನಾ?” ಎಂದ ಮಖ್ಲೂಫ್.

“ಲೂನಾಳಿಗೆ ಕಾಡಿಗೆ ನಾನೇ ತೀಡ್ತೀನಿ. ಮದುಮಗನ್ನ ಪಕ್ಕದಲ್ಲಿ ಬೇಡ, ಎದುರಿಗೆ ಕೂರಿಸ್ತೀನಿ. ಅವನ ಕಣ್ಣಲ್ಲಿ ಇವಳು ನೋಡ್ಕೊಳ್ಳಲಿ, ಇವಳ ಕಣ್ಣಲ್ಲಿ ಅವನು. ಯಾರು ಮೊದಲು ನಗ್ತಾರೆ ನಾನೂ ನೋಡ್ತೀನಿ. ಮತ್ತೆ, ಹಬ್ಬದ ದಿನ ನೀವು ಕೈ ತೊಳಕೊಂಡು ಎದ್ದು ನಿಂತಾಗ ನಿಮ್ಮ ಆಶೀರ್ವಾದದ ಕೆಳಗೆ ಅವರಿಬ್ಬರೂ ನಿಂತಿರ್ತಾರೆ. ಆಗ ಆ ನೀರು ಯಾವುದರೊಳಗೆ ಬಿತ್ತು ಅಂತ ನಿಮಗೆ ಗೊತ್ತಿರುತ್ತೆ.”

ಅವಳು ಗಂಟನ್ನೆತ್ತಿ ಅವನ ಎದುರಿಗೆ ಹಿಡಿದಳು. ಮಖ್ಲೂಫ್ ಅದನ್ನೇ ನೋಡುತ್ತ ನಿಂತ. ಒಮ್ಮೆ ಅವನ ಕೈಗೆ ಬಂದರೆ ಮೂವರಲ್ಲ, ಮುನ್ನೂರು ಜನ ಕೂತರೂ ಬಿಡಿಸಲಾಗದು. ಅದು ಅವನಿಗೂ ಗೊತ್ತಿತ್ತು.

“ಒಂದೇ ಮಾತು, ತಾಮು,” ಎಂದ. “ನಿನ್ನ ಕಾಲು ಹಿಡೀತೀನಿ. ಪಶ್ಚಾತ್ತಾಪ ಇದೆ ಅಂತ ಒಂದೇ ಒಂದು ಮಾತು ಹೇಳು.”

“ಇಲ್ಲ ಸೀದಿ. ಹೇಳೋದಿಲ್ಲ.”